ಗಣಪತಿಗೆ ಬಹುವಚನ

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿಗೆ ಕಳೆದ ವಾರ ಕನ್ನಡ ಬಂತು. ಒಳಗೆ ಕಾಲಿಟ್ಟರೆ ಸಾಕು, "ದಯವಿಟ್ಟು ಬಾಗಿಲಿನಿಂದ ದೂರ ನಿಲ್ಲಿ" ಎಂದು ಹೆಣ್ಣುದನಿಯೊಂದು ಕೇಳಿಕೊಳ್ಳುತ್ತದೆ. ನನ್ನನ್ನು ದೂರ ನಿಲ್ಲಿಸಿದವರು ಬಹಳ ಮಂದಿ ಇದ್ದಾರೆ, ಆದರೆ ಇಷ್ಟು ಮರ್ಯಾದೆ ಕೊಟ್ಟು ಯಾರೂ ನಿಲ್ಲಿಸಿದ್ದಿಲ್ಲ. ಇನ್ನೊಮ್ಮೆ ಕೇಳುವ ಆಸೆಗೆ ಸುಮ್ಮನೆ ಮೇಲಕ್ಕೂ ಕೆಳಕ್ಕೂ ಓಡಾಡಿದೆ. ಹಾಗೆ ಓಡಾಡುವಾಗಲೇ ಮೈತ್ರಿ ನೆನಪಾದಳು. ಅವಳನ್ನು ಏಕವಚನದಲ್ಲಿ ಬರೆದೆನೆಂದು ನೀವು ಬೇಸರ ಮಾಡಿಕೊಳ್ಳಬೇಡಿ, ಅವಳಂತೂ ಮಾಡಿಕೊಳ್ಳುವುದಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷವಾಗಿತ್ತು. ನಾನಾಗ ಮಸ್ಕತ್ತಿನ ಕಂಪನಿಯೊಂದರಲ್ಲಿ ಪಂಪುಗಳ ನಕ್ಷೆ ಬರೆಯುತ್ತಿದ್ದೆ. ಮನೆ ಅಲ್ಲಿನ ರೂವಿ ಎಂಬ ಬಡಾವಣೆಯಲ್ಲಿ, ಬಸ್ ನಿಲ್ದಾಣದ ಹಿಂದೆ. ಮೈತ್ರಿ ಒಂದು ವರ್ಷದ ಕೆಲಸಕ್ಕೆಂದು ಅಮೆರಿಕದಿಂದ ನಮ್ಮ ಆಫೀಸಿಗೆ ಬಂದ ಇಂಜಿನಿಯರ್. ಅಪ್ಪ ಅಮ್ಮ ಮೈಸೂರಿನವರು, ಇವಳು ಹುಟ್ಟಿ ಬೆಳೆದದ್ದೆಲ್ಲ ಓಹಾಯೋದಲ್ಲಿ. ಮಸ್ಕತ್ತಿನ ಟ್ಯಾಕ್ಸಿಯವರನ್ನು ಇದಕ್ಕೆ ಒಪ್ಪಿಸುವುದೇ ಅವಳಿಗೆ ದೊಡ್ಡ ಕೆಲಸ. ಯಾವ ದೇಶವೆಂದು ಕೇಳಿದರೆ ಅಮೆರಿಕ ಎನ್ನುವಳು. ಚಾಲಕ ಕನ್ನಡಿಯಲ್ಲಿ ಮುಖ ನೋಡಿ, ಅಮೆರಿಕ ತಮಾಮ್, ಬಹಳ ಚೆನ್ನ, ಆದರೆ ಕೇರಳದಲ್ಲಿ ಎಲ್ಲಿ ಎಂದು ವಿಚಾರಿಸುವನು. ಓಹಾಯೋದಲ್ಲೂ ಜನ "ನಿಜವಾಗಿ ಎಲ್ಲಿಯವಳು" ಎಂದು ಕೇಳುತ್ತಿದ್ದರಂತೆ. ಆದರೆ ಅವರು ಉತ್ತರವನ್ನು ತಾವೇ ತಂದಿರುತ್ತಿರಲಿಲ್ಲ.

ಅವಳಿಗೆ ಕನ್ನಡ ಬರುತ್ತದೆಂದು ಗೊತ್ತಾದ ಸಂಜೆಯೇ ಮನೆಗೆ ಊಟಕ್ಕೆ ಕರೆದೊಯ್ದೆ. ಅವಳ ಕನ್ನಡ ಪೂರ್ತಿ ಅಜ್ಜಿಯಿಂದ ಬಂದದ್ದು. ಅಜ್ಜಿ ಮೊಮ್ಮಗಳಿಗೆ ಏನೇನು ಹೇಳಿದ್ದರೋ ಅಷ್ಟೇ ಅವಳ ಭಾಷೆ: ಕೈ ತೊಳ್ಕೋ, ಓಡಬೇಡ, ಹಟ ಮಾಡಬೇಡ. "ನೀವು" ಎಂಬುದು ಕಿವಿಗೆ ಬಿದ್ದಿದ್ದರೂ ಅದು ದೊಡ್ಡವರ ಸರಕೆಂದು ಅಲ್ಲೇ ಬಿಟ್ಟಿದ್ದಳು. ಊಟದ ನಡುವೆ ನನ್ನ ಕಡೆ ತಿರುಗಿ ತುಂಬ ಪ್ರೀತಿಯಿಂದ, "ಸದ್ದು ಮಾಡದೆ ತಿನ್ನು" ಎಂದಳು. ನನ್ನ ಹೆಂಡತಿ ಪದ್ಮ ಅವಳಿಗೆ ಇನ್ನೊಂದು ಸೌಟು ಹುಳಿ ಬಡಿಸಿದಳು. ಮದುವೆಯಾದಾಗಿನಿಂದ ಅವಳು ನುಂಗಿಕೊಂಡಿದ್ದ ಮಾತು ಅದು.

ಎಲ್ಲರೂ ಪದ್ಮಳಂತಲ್ಲ. ಕೆಳಗಿನ ಮಹಡಿಯಲ್ಲಿ ಉಡುಪಿ ಕಡೆಯ ವಾರಿಜಕ್ಕ ಇದ್ದರು. ಮನೆಯಲ್ಲಿ ತುಳು, ನಮ್ಮೊಡನೆ ಕನ್ನಡ, ಕಾವಲುಗಾರನೊಡನೆ ಬರೀ ಕಣ್ಣು. ಕಟ್ಟಡದ ಗಣಪತಿ ಹಬ್ಬ ಪ್ರತಿ ವರ್ಷ ಅವರ ಮನೆಯಲ್ಲೇ. ಒಂದು ದಿನ ಅವರು ಪತ್ರೊಡೆ ತಂದಾಗ ಬಾಗಿಲು ತೆರೆದವಳು ಮೈತ್ರಿ. "ಬಾ ಮರಿ, ಚಪ್ಪಲಿ ಬಿಟ್ಟು ಒಳಗೆ ಬಾ" ಎಂದಳು. ವಾರಿಜಕ್ಕ ಡಬ್ಬಿಯನ್ನು ಪದ್ಮಳ ಕೈಗಿತ್ತು ಹಾಗೆಯೇ ಇಳಿದುಹೋದರು. ಮರುದಿನ ಮೆಟ್ಟಿಲಲ್ಲಿ ಸಿಕ್ಕಿ, ತನ್ನ ಅತ್ತೆ ಸಹ ತನಗೆ ಹೀಗೆ ಹೇಳಿರಲಿಲ್ಲ, ತಾನೇನು ನಾಯಿಮರಿಯಾ ಎಂದು ಪದ್ಮಳನ್ನು ಕೇಳಿದರಂತೆ.

ಪದ್ಮ ಮೆಲ್ಲಗೆ ವಿಷಯ ತಿಳಿಸಿದಾಗ ಮೈತ್ರಿ ಇಂಗ್ಲಿಷಿನಲ್ಲಿ ಹೇಳಿದಳು: ಅಲ್ಲಿ ತನ್ನ ಮುಖ ಹೊಂದುವುದಿಲ್ಲ, ಇಲ್ಲಿ ಪಾಸ್‌ಪೋರ್ಟ್ ಹೊಂದುವುದಿಲ್ಲ, ಯಾರನ್ನೂ ಕೇಳದೆ ಹೊಗಬಹುದಾದ ಮನೆ ಕನ್ನಡ ಒಂದೇ ಎಂದುಕೊಂಡಿದ್ದಳಂತೆ. ಅವಳ ಕಣ್ಣು ತುಂಬಿತು. ಇನ್ನು ಮುಂದೆ ಕನ್ನಡ ಮಾತಾಡುವುದಿಲ್ಲವೆಂದಳು.

ನನಗೆ ತಡೆಯಲಾಗಲಿಲ್ಲ. ಬಹುವಚನ ಕಲಿಸಲು ಕೂತೆ. ಪಾಠ ಫಲಿಸಿತು, ಬೇಕಾದ್ದಕ್ಕಿಂತ ಹೆಚ್ಚೇ ಫಲಿಸಿತು. ಪ್ರಿಂಟರ್ ಕೆಟ್ಟುಹೋಗಿದ್ದಾರೆ ಎಂದು ಬಂದು ಹೇಳತೊಡಗಿದಳು. ಬಸ್ಸು ಹೊರಟುಹೋದರು. ಒಂದು ಸಂಜೆ ನಮ್ಮ ಬಾಗಿಲಲ್ಲಿ ನಿಂತು, "ನನ್ನ ಚಪ್ಪಲಿಯವರು ಎಲ್ಲಿ?" ಎಂದಳು. ತಿದ್ದುವುದಕ್ಕೆ ಹೋದರೆ ಮತ್ತೆಲ್ಲಿ ಏಕವಚನಕ್ಕೆ ಜಾರುತ್ತಾಳೋ ಎಂದು ನಾನೂ ಅವಳೂ ಸೇರಿ ಚಪ್ಪಲಿಯವರನ್ನು ಹುಡುಕಿದೆವು.

ಅಷ್ಟರಲ್ಲಿ ಚೌತಿ ಬಂತು. ಆ ಹುಡುಗಿಯನ್ನೂ ಕರೆತನ್ನಿ ಎಂದು ವಾರಿಜಕ್ಕ ಹೇಳಿದ್ದರು; ಹಬ್ಬದ ದಿನ ಯಾರನ್ನೂ ಬಿಡಬಾರದಲ್ಲ. ಮಂಗಳಾರತಿಯಾದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಹಾಡಿದರು. ಮೈತ್ರಿಯ ಸರದಿ ಬಂದಾಗ ಅವಳಿಗೆ ಹಾಡು ಬರಲಿಲ್ಲ. ಕೈಮುಗಿದು, ನಾನು ಕಲಿಸಿದ್ದನ್ನೆಲ್ಲ ಒಟ್ಟುಗೂಡಿಸಿ ಮಾತಾಡಿದಳು.

"ಗಣಪತಿಯವರೇ, ನಮಸ್ಕಾರ. ಪ್ರಯಾಣ ಸುಖವಾಗಿತ್ತಾ? ದಯವಿಟ್ಟು ಕಡುಬು ತಗೊಳ್ಳಿ. ನಿಮ್ಮ ಇಲಿಯವರೂ ತಗೊಳ್ಳಲಿ."

ಮಕ್ಕಳು ನೆಲದ ಮೇಲೆ ಬಿದ್ದು ನಕ್ಕರು. ದೊಡ್ಡವರು ಸೆರಗು, ಕರವಸ್ತ್ರ ಸಿಕ್ಕಿದ್ದನ್ನು ಬಾಯಿಗೆ ಒತ್ತಿಕೊಂಡರು. ನಾನು ಅಡುಗೆಮನೆಗೆ ನೀರು ಕುಡಿಯಲು ಹೊರಟೆ. ಮೈತ್ರಿಯ ಮುಖ ಕೆಂಪೇರಿತು, ಮುಗಿದ ಕೈ ಹಾಗೆಯೇ ಇತ್ತು. ನಗದೆ ನಿಂತವರು ವಾರಿಜಕ್ಕ ಒಬ್ಬರೇ. ಮಕ್ಕಳನ್ನು ತುಳುವಿನಲ್ಲಿ ಗದರಿ ಅವಳ ಹತ್ತಿರ ಬಂದರು.

"ದೇವರಿಗೆ ನೀವು ಹೇಳ್ಲಿಕ್ಕಿಲ್ಲ ಮಗಾ. ಅವ ಎಂತ ಮ್ಯಾನೇಜರಾ? ಅವ ನಮ್ಮವ. ನಮ್ಮವರಿಗೆ ನೀನು."

ಮೈತ್ರಿ ಸ್ವಲ್ಪ ಯೋಚಿಸಿದಳು. ಅವಳು ಲೆಕ್ಕ ತಪ್ಪದ ಇಂಜಿನಿಯರ್.

"ನೀವು ನನ್ನವರಾ?"

ವಾರಿಜಕ್ಕ ದೀಪದ ಬತ್ತಿ ಸರಿಮಾಡಿದರು, ಸರಿಯಾಗಿದ್ದದ್ದನ್ನೇ ಮತ್ತೆ ಸರಿಮಾಡಿದರು.

"ಆಯ್ತು, ನನಗೂ ನೀನೇ ಹೇಳು. ಮರಿ ಅಂತ ಮಾತ್ರ ಬೇಡ."

ಮೈತ್ರಿ ಗಣಪತಿಯ ಕಡೆ ತಿರುಗಿ, ಅಜ್ಜಿಯ ದನಿಯಲ್ಲಿ, ತಿನ್ನು, ಹಟ ಮಾಡಬೇಡ ಎಂದಳು. ಈ ಸಲ ಯಾರೂ ನಗಲಿಲ್ಲ. ಉಳಿದಷ್ಟು ತಿಂಗಳು ಅವಳು ಕೆಳಗಿನ ಮನೆಯಲ್ಲೇ ಹೆಚ್ಚು ಊಟ ಮಾಡಿದಳು. ಊರಿಗೆ ಹೊರಟಾಗ ವಿಮಾನ ನಿಲ್ದಾಣದಲ್ಲಿ ವಾರಿಜಕ್ಕನ ಕೈ ಹಿಡಿದು, "ಅಳಬೇಡ, ಮೂಗು ಒರೆಸ್ಕೋ" ಎಂದಳು. ವಾರಿಜಕ್ಕ ಹೇಳಿದಂತೆ ಮಾಡಿದರು.

ಈಗ ನಾನು ಮೈಸೂರಿಗೆ ಮರಳಿ ಬಂದಿದ್ದೇನೆ. ಹುಟ್ಟಿದ ಊರು, ಆದರೂ ಬಾಯಲ್ಲಿ ಅರಬ್ಬಿಯ ಯಲ್ಲಾ, ಖಲಾಸ್ ಉಳಿದುಕೊಂಡುಬಿಟ್ಟಿವೆ. ಮಾರುಕಟ್ಟೆಯಲ್ಲಿ ಯಾವೂರು ಸ್ವಾಮಿ ಎಂದು ಕೇಳಿದರೆ ಮೊದಮೊದಲು ಕೋಪ ಬರುತ್ತಿತ್ತು. ಇದೇ ಬೀದಿಯಲ್ಲಿ ಹುಟ್ಟಿದವನೆಂದು ತಾತನ ಹೆಸರಿನಿಂದ ಶುರುಮಾಡುತ್ತಿದ್ದೆ. ಲಿಫ್ಟಿನಲ್ಲಿ ಮೈತ್ರಿ ನೆನಪಾದ ದಿನ ಸಂಜೆ ಸೊಪ್ಪು ಮಾರುವಾಕೆ ಅದನ್ನೇ ಕೇಳಿದಳು.

"ರೂವಿ" ಎಂದೆ.

ಆಕೆ ಗೊತ್ತಿರುವ ಊರೆಂಬಂತೆ ತಲೆಯಾಡಿಸಿ, ಆ ಕಡೆ ಈ ಸಲ ಮಳೆ ಹೇಗೆ ಎಂದು ವಿಚಾರಿಸಿದಳು.

"ಇಲ್ಲಮ್ಮ, ಆ ಕಡೆ ಮಳೆ ಕಡಿಮೆ."

ಪಾಪ ಎಂದು ಒಂದು ಹಿಡಿ ಕೊತ್ತಂಬರಿ ಸೊಪ್ಪು ಹೆಚ್ಚಿಗೆ ಹಾಕಿದಳು.