ಬಾವಿಗಿಳಿಯದವರ ದನಿ

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ವಾಸನೆ ಬಂದರೆ ನಿಮಗೆ ಆಸ್ಪತ್ರೆ ನೆನಪಾಗಬಹುದು, ಚುಚ್ಚುಮದ್ದು ನೆನಪಾಗಬಹುದು. ನನಗೆ ನೆನಪಾಗುವುದು ಪೀಣ್ಯದಲ್ಲಿದ್ದ ನಮ್ಮ ಶೀಟಿನ ಮನೆ, ಅಲ್ಲಿದ್ದ ಹಳೆಯ ಟೇಪ್ ರೆಕಾರ್ಡರ್ ಮತ್ತು ಒಂದು ಬೇಸಿಗೆ ರಜೆಯ ಭಯ. ಟೇಪಿನ ಹೆಡ್ಡು ಒರೆಸುತ್ತಿದ್ದುದು ಆ ಹತ್ತಿಯಿಂದಲೇ. ಅತ್ತೆಯ ಕಣ್ಣಿಗೆ ಮದ್ದು ಹಾಕುವ ಮೊದಲು ನಾನು ಕೈಬೆರಳು ಒರೆಸಿಕೊಳ್ಳುತ್ತಿದ್ದುದೂ ಅದರಿಂದಲೇ. ಎರಡು ಕೆಲಸಕ್ಕೂ ಒಂದೇ ವಾಸನೆ.

ನಮ್ಮ ಮನೆಯ ಹಿಂಗೋಡೆಯೇ ಒಂದು ಶೆಡ್ಡಿನ ಗೋಡೆ. ಆಚೆ ಪವರ್ ಪ್ರೆಸ್ಸಿನ ಏಟು ಬಿದ್ದಾಗಲೆಲ್ಲ ನಮ್ಮ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಝಣ್ಣೆನ್ನುತ್ತಿದ್ದವು. ಅಪ್ಪ ಆ ಪ್ರೆಸ್ಸಿನ ಮುಂದೆ, ಅಮ್ಮ ಗಾರ್ಮೆಂಟ್ಸಿನಲ್ಲಿ. ಅಪ್ಪನ ತಂಗಿ ಗಿರಿಜತ್ತೆಯೂ ನಮ್ಮ ಜೊತೆಗೇ ಇದ್ದಳು. ಎರಡು ರಸ್ತೆಯಾಚೆ, ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡಿನಲ್ಲಿ ಕಬ್ಬಿಣದ ಬಿಡಿಭಾಗಗಳನ್ನು ಆಸಿಡ್ ತೊಟ್ಟಿಯಲ್ಲಿ ಅದ್ದಿ ತೆಗೆಯುವ ಕೆಲಸ ಅವಳದು. ಸಂಜೆ ಬಂದು ಕೈಕಾಲು ತೊಳೆದು ಕಾಫಿ ಲೋಟ ಹಿಡಿದು ಕೂತಳೆಂದರೆ ತೊಡೆಯ ಮೇಲೊಂದು ಸಾಹಸ ಕಾದಂಬರಿ ಬಿಚ್ಚಿಕೊಳ್ಳುತ್ತಿತ್ತು. ಓದುವುದು ಅವಳು, ಕೇಳುವುದು ನಾನು. ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ ನನಗೆ ಕನ್ನಡದ ಒತ್ತಕ್ಷರ ಬಂದರೆ ನಾಲಿಗೆ ತೊಡರುತ್ತಿತ್ತು. ಪುಸ್ತಕಗಳೆಲ್ಲ ಒಬ್ಬರೇ ಕಾದಂಬರಿಕಾರರವು. ‘ನಮ್ಮವರದ್ದು’ ಎಂದರೆ ಸಾಕು, ಬಾಡಿಗೆ ಪುಸ್ತಕದಂಗಡಿಯ ನಂಜಪ್ಪನವರು ತೆಗೆದುಕೊಡುತ್ತಿದ್ದರು. ಶೆಡ್ಡುಗಳು ಏಳುವ ಮೊದಲು ಆ ನೆಲದಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ ಅವರದು. ‘ನಮ್ಮವರ’ ಕಥೆಗಳಲ್ಲಿ ಯಾರಾದರೊಬ್ಬರು ಹಗ್ಗ ಹಿಡಿದು ಪ್ರಪಾತಕ್ಕೆ ಇಳಿಯುತ್ತಿದ್ದರು, ನೀರು ತುಂಬಿದ ಗಣಿಯೊಳಗೆ ಮುಳುಗುತ್ತಿದ್ದರು. ಬರೆದವರೂ ಹಾಗೆಯೇ ಇರಬೇಕು, ದೊಡ್ಡ ಮೀಸೆ, ಹೆಗಲ ಮೇಲೊಂದು ಗಾಯದ ಗುರುತು ಎಂದು ನಾನು ನಂಬಿದ್ದೆ.

ನನಗೆ ಹತ್ತು ತುಂಬಿದ ವರ್ಷದ ಏಪ್ರಿಲ್‌ನಲ್ಲಿ ಕೊಕ್ಕೆಯಿಂದ ಜಾರಿದ ಕಬ್ಬಿಣದ ತುಂಡೊಂದು ತೊಟ್ಟಿಗೆ ಬಿದ್ದು ಆಸಿಡ್ ಅತ್ತೆಯ ಮುಖಕ್ಕೆ ಎರಚಿತು. ಆಸ್ಪತ್ರೆಯಿಂದ ಬಂದಾಗ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿತ್ತು. ದೃಷ್ಟಿ ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು, ಮದ್ದು ಮಾತ್ರ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಬೆಳಿಗ್ಗೆ ಸಂಜೆ ಅಮ್ಮ ಹಾಕುತ್ತಿದ್ದಳು. ಹಗಲಿನದು ನನ್ನ ಪಾಲಿಗೆ ಬಂತು. ಪಟ್ಟಿ ಸಡಿಲಿಸಬೇಕು, ಊದಿಕೊಂಡ ರೆಪ್ಪೆಯನ್ನು ಬೆರಳಿನಿಂದ ಬಿಡಿಸಬೇಕು, ಒಳಗೆ ಎರಡು ಹನಿ ಬಿಡಬೇಕು. ಮೊದಲ ದಿನ ಪಟ್ಟಿ ಸರಿಸಿದಾಗ ಕಂಡ ಆ ಕೆಂಪನ್ನು ನಾನು ಇವತ್ತಿಗೂ ಯಾರಿಗೂ ವಿವರಿಸಿಲ್ಲ. ಕಣ್ಣು ಮುಚ್ಚಿಕೊಂಡು ಬಾಟಲಿ ಅದುಮಿದೆ. ಹನಿ ಅವಳ ಕೆನ್ನೆಯ ಮೇಲೆ ಇಳಿಯಿತು. “ಆಯ್ತು ಅತ್ತೆ” ಎಂದೆ. ಮರುದಿನವೂ ಹಾಗೆಯೇ ಮಾಡಿದೆ, ಅದರ ಮರುದಿನವೂ. ಸಂಜೆ ಅಮ್ಮ “ಹಾಕಿದ್ಯಾ?” ಎಂದರೆ ತಲೆಯಾಡಿಸುತ್ತಿದ್ದೆ.

ಐದನೆಯ ದಿನ ನಂಜಪ್ಪನವರು ಬಂದರು. ಅರ್ಧ ಓದಿದ್ದ ಪುಸ್ತಕವನ್ನು ವಾಪಸು ಕೇಳಲು ಬಂದರೆಂದುಕೊಂಡೆ. ಅವರು ಪೇಪರಿನಲ್ಲಿ ಸುತ್ತಿದ್ದ ಮೂರು ಕ್ಯಾಸೆಟ್ ಕೈಗಿಟ್ಟರು.

“ಎದರ್ಕೋಬ್ಯಾಡ ಕಣವ್ವ ಗಿರಿಜ. ಓದಕ್ಕಾಗ್ದಿದ್ರೇನಂತೆ, ಕೇಳಕ್ಕಾಯ್ತದಲ್ಲ. ಫ್ಯಾಕ್ಟರಿ ಕನ್ನಡ ಸಂಘಗಳಲ್ಲಿ ನಿಮ್ಮವ್ರು ಮಾತಾಡಿದ್ದು. ನಾನೇ ಮುಂದ್ಗಡೆ ಕೂತು ತುಂಬ್ಕೊಂಡಿದ್ದೆ.”

ಹೆಡ್ಡು ಒರೆಸಿ ಮೊದಲನೆಯದನ್ನು ಹಾಕಿದೆ. ಸಿಂಹದಂಥ ದನಿಗೆ ಕಾದಿದ್ದವಳಿಗೆ ಕೇಳಿಸಿದ್ದು ಸಣ್ಣ ಕೆಮ್ಮು, ನೀರು ಕುಡಿದ ಸದ್ದು, ಆಮೇಲೆ ಮಗ್ಗಿ ಮರೆತ ಹುಡುಗನಂತೆ ತಡವರಿಸುವ ತೆಳು ದನಿ. ಮೋಸ ಹೋದಂತೆನಿಸಿತು. ಅತ್ತೆ ಮಾತ್ರ ಪಟ್ಟಿ ಕಟ್ಟಿದ ಮುಖವನ್ನು ಟೇಪಿನತ್ತ ತಿರುಗಿಸಿ ನಗುತ್ತಿದ್ದಳು. “ಪಾಪ, ಎಷ್ಟು ಸಣ್ಣಕ್ಕಿದಾರೋ” ಎಂದಳು, ಎದುರಿಗೇ ಕಂಡವಳಂತೆ. ಆ ಮಧ್ಯಾಹ್ನವೇ ಎರಡನೆಯದನ್ನೂ ಹಾಕಿಸಿದಳು. ಅದರಲ್ಲಿ ಸಭೆಯ ಯಾರೋ, ಸಾರ್, ನೀವು ಎಷ್ಟು ಹೊಳೆ ದಾಟಿದೀರಿ, ಎಂದು ಕೇಳಿದರು. ಆ ತೆಳು ದನಿ ಉತ್ತರಿಸಿತು.

“ನನಗೆ ಈಜು ಬರೋದಿಲ್ಲ ಸ್ವಾಮಿ. ನೀರು ಕಂಡ್ರೆ ಕಾಲು ಕಂಪಿಸುತ್ತೆ. ಚಿಕ್ಕವನಿದ್ದಾಗ ನನ್ನ ತಮ್ಮ ಬಾವಿಗೆ ಬಿದ್ದ. ಮೆಟ್ಟಿಲಿತ್ತು. ನಾನು ಮೂರನೇ ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಪಕ್ಕದ ಮನೆಯಾಕೆ ಓಡಿಬಂದು ಇಳಿದ್ರು, ಅಷ್ಟರಲ್ಲಿ ಹೊತ್ತು ಮೀರಿತ್ತು. ಅದಕ್ಕೇ ನನ್ನ ಕಥೆಗಳಲ್ಲಿ ಯಾರಾದ್ರೂ ಒಬ್ಬರು ಇಳಿದೇ ಇಳೀತಾರೆ.”

ನಾನು ಗುಂಡಿ ಒತ್ತಿ ಟೇಪು ನಿಲ್ಲಿಸಿದೆ. ಗೋಡೆಯಾಚೆ ಪ್ರೆಸ್ಸಿನ ಏಟು ಬೀಳುತ್ತಿತ್ತು, ಲೋಟಗಳು ನಡುಗುತ್ತಿದ್ದವು. ಹೊತ್ತು ಮೀರಿತ್ತು ಎಂಬ ಮಾತನ್ನು ಯಾರೋ ನನ್ನ ಹೆಸರು ಹಿಡಿದು ಹೇಳಿದಂತಿತ್ತು.

“ಯಾಕೆ ಪುಟ್ಟಿ, ನಿಲ್ಲಿಸ್ಬಿಟ್ಟೆ?”

“ಅತ್ತೆ, ನಾನು ಹಾಕಿದ ಮದ್ದು ನಿನ್ನ ಕಣ್ಣಿಗೆ ಬಿದ್ದೇ ಇಲ್ಲ. ಒಂದಿನಾನೂ ಬಿದ್ದಿಲ್ಲ.”

“ಗೊತ್ತು ಕಣೇ. ಕೆನ್ನೆ ಮೇಲೆ ತಣ್ಣಗಾಗೋದು ಗೊತ್ತಾಗಲ್ವಾ?”

“ಮತ್ತೆ ಅಮ್ಮಂಗೆ ಯಾಕೆ ಹೇಳ್ಲಿಲ್ಲ?”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. “ಒಳಗೆ ಬಿದ್ರೆ ಬೆಂಕಿ ಇಟ್ಟಂಗೆ ಉರಿಯುತ್ತೆ. ನೀನು ಹಾಕೋವಾಗ ಉರೀತಿರ್ಲಿಲ್ಲ, ಸದ್ಯ ಅನ್ನಿಸ್ತಿತ್ತು. ನಂಗೂ ಭಯ ಕಣೇ ಪುಟ್ಟಿ.”

ಅವಳ ಬಾಯಲ್ಲಿ ಆ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮನೆಯಲ್ಲಿ ದೊಡ್ಡವರೆಂಬವರು ಯಾರೂ ಇಲ್ಲವೆನ್ನಿಸಿತು. ಇನ್ನೊಬ್ಬರು ಬಂದು ಮಾಡಿಕೊಡುತ್ತಾರೆಂದು ಕಾಯುವಂತೆಯೂ ಇರಲಿಲ್ಲ. ಕೈ ಒರೆಸಿಕೊಂಡೆ. ಪಟ್ಟಿ ಸರಿಸಿದೆ. ಅತ್ತೆ ಮಂಚದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ಹನಿ ಒಳಗೆ ಬಿದ್ದಾಗ ಅವಳು ಕಿರುಚಿದಳು, ನಾನೂ ಕಿರುಚಿದೆ. ಇನ್ನೊಂದು ಕಣ್ಣಿಗೂ ಹಾಕಿದೆ. ಆಮೇಲೆ ಇಬ್ಬರೂ ಅಳುತ್ತ ಉಳಿದ ಮಾತನ್ನು ಕೇಳಿದೆವು. ರಜೆ ಮುಗಿಯುವವರೆಗೂ ಒಂದು ಹೊತ್ತೂ ತಪ್ಪಿಸಲಿಲ್ಲ. ಮೂರೂ ಕ್ಯಾಸೆಟ್ ಬಾಯಿಪಾಠವಾದವು. ಅವರು ಎಲ್ಲಿ ಕೆಮ್ಮುತ್ತಾರೆ ಎಂಬುದೂ ನಮಗೆ ಗೊತ್ತಿತ್ತು. ಆ ಕಾದಂಬರಿಕಾರರು ತೀರಿಕೊಂಡು ಎರಡು ವರ್ಷವಾಯಿತೆಂದು ನಂಜಪ್ಪನವರು ಕೊನೆಗೆ ಹೇಳಿದಾಗ, ಮನೆಯವರೊಬ್ಬರು ಹೋದಂತೆ ಅತ್ತೆ ಆ ದಿನ ಊಟ ಮಾಡಲಿಲ್ಲ.

ಬಲಗಣ್ಣಿಗೆ ದೃಷ್ಟಿ ಬಂತು. ಎಡಗಣ್ಣಿಗೆ ಬರಲಿಲ್ಲ. ಅದು ಮೊದಲ ದಿನವೇ ಹೋಗಿತ್ತು, ಯಾವ ಮದ್ದಿಗೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರೆಂದು ಅತ್ತೆ ಮನೆಗೆ ಬಂದು ಎಲ್ಲರ ಮುಂದೆ, ನನ್ನ ಕಡೆ ತಿರುಗಿ, ಎರಡೆರಡು ಸಲ ಹೇಳಿದಳು. ಡಾಕ್ಟರು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅವಳ ಜೊತೆ ಡಾಕ್ಟರ ಕೋಣೆಗೆ ಹೋಗಿದ್ದ ಅಪ್ಪ ತಲೆ ತಗ್ಗಿಸಿ ಚಪ್ಪಲಿ ಬಿಡುತ್ತಿದ್ದ.

ಆ ಮನೆ ಈಗಿಲ್ಲ. ಗೋಡೆ ಕೆಡವಿ ಶೆಡ್ಡಿಗೆ ಸೇರಿಸಿ ಗೋದಾಮು ಮಾಡಿದ್ದಾರೆ. ನಂಜಪ್ಪನವರ ಅಂಗಡಿ ಇದ್ದಲ್ಲಿ ಮೊಬೈಲ್ ರಿಪೇರಿ. ಅಪ್ಪ ಹೋದ, ಮೂರು ವರ್ಷದ ಹಿಂದೆ ಅತ್ತೆಯೂ ಹೋದಳು. ಡಾಕ್ಟರು ನಿಜವಾಗಿ ಏನು ಹೇಳಿದ್ದರು ಎಂದು ಕೇಳಲು ನನಗೆ ಎಷ್ಟೊಂದು ವರ್ಷಗಳಿದ್ದವು. ಬಸ್ಸಿನಲ್ಲಿ ಪಕ್ಕಪಕ್ಕ ಕೂತಿದ್ದೇವೆ, ಅವರೆಕಾಯಿ ಸುಲಿಯುತ್ತ ಮಾತಾಡಿದ್ದೇವೆ, ಅವಳ ತಲೆ ಬಾಚಿದ್ದೇನೆ. ಪ್ರತಿಸಲವೂ ಪ್ರಶ್ನೆ ತುಟಿಯವರೆಗೆ ಬರುತ್ತಿತ್ತು. ಅದು ಹೇಗೋ ಅವಳಿಗೆ ಗೊತ್ತಾಗಿ, ಆ ಒಂದು ಕಣ್ಣಿನಿಂದ ನನ್ನನ್ನು ನೋಡಿ ಬೇರೆ ಮಾತು ತೆಗೆಯುತ್ತಿದ್ದಳು. ನಾನೂ ಅದೇ ಮಾತು ಮುಂದುವರಿಸುತ್ತಿದ್ದೆ.