ಗೋಡೆಯ ಮೇಲಿನ ವಾಡೆ

ಉಳಿ ಹಿಡಿಯುವ ಚಟ ನನಗೆ ಯಾಕೆ ಹತ್ತಿತೋ ತಿಳಿಯದು. ಧಾರವಾಡದಿಂದ ಪುಣೆಗೆ ಗುಮಾಸ್ತನಾಗಿ ಬಂದವನು ನಾನು, ಬಡಗಿಯಲ್ಲ. ಆದರೂ ಯುದ್ಧದ ಆ ವರ್ಷಗಳಲ್ಲಿ ಕಚೇರಿಯಿಂದ ಬಂದವನೇ ಒಡೆದ ಪೆಟ್ಟಿಗೆಯ ಹಲಗೆ ಹಿಡಿದು ಕೂಡುತ್ತಿದ್ದೆ. ಕೆತ್ತುತ್ತಿದ್ದುದು ದೇವರನ್ನಲ್ಲ, ಆನೆ ಕುದುರೆಗಳನ್ನೂ ಅಲ್ಲ. ದಿನಾ ಕಣ್ಣಿಗೆ ಬೀಳುವ ಕಟ್ಟಡಗಳನ್ನು. ಟಾಂಗಾ ನಿಲ್ಲುವ ಛಾವಣಿ, ಹಿಟ್ಟಿನ ಗಿರಣಿ, ಊರಾಚೆ ಕೋಥರೂಡದ ಹೊಲದ ಗುಡಿಸಲು. ಗೇಣುದ್ದದ ಹಲಗೆಯಲ್ಲಿ ಉಬ್ಬಿ ಕಾಣುವಂತೆ ಕೆತ್ತಿ ಗೋಡೆಗೆ ತೂಗುಹಾಕುತ್ತಿದ್ದೆ.

ನೋಡಿದವರು ಒಬ್ಬರಾದರೂ ಗುರುತು ಹಿಡಿಯಬೇಕಲ್ಲ! ನಾವು ಬಾಡಿಗೆಗಿದ್ದುದು ಒಂದು ವಾಡೆಯಲ್ಲಿ, ನಡುವೆ ಅಂಗಳವಿದ್ದ ಹಳೆಯ ದೊಡ್ಡ ಮನೆಯಲ್ಲಿ. ಹರಟೆಗೆ ಬಂದ ಅದರ ಮಾಲಕರು ಹಿಟ್ಟಿನ ಗಿರಣಿಗೆ ಕೈಮುಗಿದು, "ಹೇ ಕುಠಲ್ಯಾ ದೇವಾಚಂ ದೇವೂಳ?" ಎಂದು ಮರಾಠಿಯಲ್ಲಿ ಕೇಳಿದರು. ಯಾವ ದೇವರ ಗುಡಿಯಂತೆ! ಬೆಳಗಾವಿ ಕಡೆಯ ನನ್ನ ಸಹೋದ್ಯೋಗಿ ಗುಡಿಸಲಿನ ಸೂರಿಗೆ ತನ್ನ ಟೊಪ್ಪಿಗೆ ಸಿಕ್ಕಿಸಿ, "ಗೂಟ ಭಾಳ ಛಲೋ ಮಾಡೀರಿ" ಎಂದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ನನಗೆ ಹಟ ಬಂತು. ಒಳ್ಳೆಯ ಸಾಗವಾನಿ ಹಲಗೆ ತಂದು ನಾವಿದ್ದ ವಾಡೆಯನ್ನೇ ಕೆತ್ತಿದೆ. ಅಂಗಳದಲ್ಲಿ ನಿಂತವರಿಗೆ ಕಾಣುವ ಹಾಗೆ ಮೂಲೆಯ ನಳ, ಸವೆದ ಮೆಟ್ಟಿಲು, ನಮ್ಮ ಬಾಗಿಲು, ಕಟ್ಟೆಯ ಮೇಲೆ ಒಣಗಲು ಬಿಚ್ಚಿಟ್ಟ ಮಾಲಕರ ಕೊಡೆ, ಎಲ್ಲವೂ ಇತ್ತು. ಬಾಗಿಲಿನ ಮೊಳೆಗಳನ್ನೂ ಬಿಟ್ಟಿರಲಿಲ್ಲ. ನಾಲ್ಕು ತಿಂಗಳು ಹಿಡಿಯಿತು. ಇದನ್ನಾದರೂ ಒಬ್ಬರು ನಮ್ಮ ಮನೆಯೆಂದು ಗುರುತಿಸಿದರೆ ಸಾಕಿತ್ತು. ಅದಕ್ಕಿಂತ ದೊಡ್ಡ ಆಸೆ ನನಗಿರಲಿಲ್ಲ.

ಮೊದಲ ಶುಕ್ರವಾರವೇ ಅದಕ್ಕೆ ಕುಂಕುಮ ಬಿತ್ತು. ನನ್ನ ಹೆಂಡತಿ ಪೂಜೆ ಮುಗಿಸಿ ಬಂದು ಹಚ್ಚಿದ್ದಳು. ಅದೂ ಹೊಸ್ತಿಲಿಗಲ್ಲ, ಬಾಗಿಲ ಎಡಕ್ಕೆ, ನಾನು ಮೂರು ಸಂಜೆ ಕೂತು ನುಣುಪು ಮಾಡಿದ ಬರಿಯ ಗೋಡೆಗೆ. ಮೈ ಉರಿದುಹೋಯಿತು. "ಇದನ್ನೂ ಗುಡಿ ಅಂತ ತಿಳದೀ ಏನು? ಕಣ್ಣು ಅದಾವೋ ಇಲ್ಲೋ?" ಎಂದು ಕೂಗಾಡಿದೆ. ಅವಳು ಕುಂಕುಮದ ಬಟ್ಟಲು ಹಿಡಿದು ಒಳಗೆ ಹೋದಳು. ಒದ್ದೆ ಬಟ್ಟೆಯಿಂದ ಒರೆಸಿದರೆ ಕೆಂಪು ಇನ್ನಷ್ಟು ಹರಡಿತು. ಉಳಿಯಿಂದ ಕೆರೆದು ತೆಗೆದೆ.

ಮುಂದಿನ ಶುಕ್ರವಾರ ಮತ್ತೆ ಅಲ್ಲೇ ಬೊಟ್ಟು. ಅವಳು ಹಚ್ಚುವುದು, ನಾನು ಬೈದು ಕೆರೆಯುವುದು, ಒಂದು ವರ್ಷಕ್ಕೂ ಮೇಲೆ ಇದೇ ನಡೆಯಿತು. ಹೊರಗಿನವರು ಹಾಳಾಗಲಿ, ಮನೆಯವಳಿಗೂ ತಿಳಿಯಲಿಲ್ಲವಲ್ಲ ಎಂದು ನನ್ನ ತಲೆ ಕೆಟ್ಟುಹೋಗಿತ್ತು.

ಕೊನೆಗೊಂದು ಶುಕ್ರವಾರ ಅವಳ ಕೈ ಹಿಡಿದು ನಿಲ್ಲಿಸಿ, "ಇದು ಯಾವ ದೇವರು, ಇವತ್ತು ಹೇಳೇಬಿಡು" ಎಂದೆ.

"ದೇವರು ಅಂತ ಯಾರು ಅಂದ್ರು? ಇದು ನಮ್ಮ ಮನೀ ಅಂತ ಮೊದಲನೇ ದಿನಾನ ಗೊತ್ತಾತ್ರಿ ನನಗ. ನಳಾ ಮಾಡೀರಿ, ಮೆಟ್ಟಲಾ ಮಾಡೀರಿ, ಮಾಲಕರ ಕೊಡಿ ಸುದ್ದಾ ಮಾಡೀರಿ. ಅಡಗಿಮನಿ ಕಿಡಕಿ ಎಲ್ಲದ? ಮುಂಜಾನಿಂದ ಸಂಜಿತನಾ ನಾ ಅಲ್ಲೇ ನಿಂತಿರ್ತೀನಿ. ಅದು ಇರಬೇಕಾದ ಜಾಗಾಕ್ಕ ಬಟ್ಟು ಇಡತೀನಿ."

"ಮೊದಲ ಯಾಕ ಹೇಳಲಿಲ್ಲ?"

"ನೀವು ಎಲ್ಲೆ ಕೇಳಿದಿರಿ? ಬೈದಿರಿ."

ಅಂಗಳಕ್ಕೆ ಇಳಿದು ನೋಡಿದೆ. ಬಾಗಿಲ ಎಡಕ್ಕೆ ಕಿಟಕಿಯಿತ್ತು, ಹೊಗೆಯಿಂದ ಕಪ್ಪಾದ ನಾಲ್ಕು ಕಂಬಿಗಳ ಕಿಟಕಿ. ಕಚೇರಿಯಿಂದ ಬರುವಾಗ ದಿನವೂ ಅದರ ಮುಂದೆಯೇ ಹಾದು ಬರುತ್ತಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಊರವರಿಗೆಲ್ಲ ಕಣ್ಣಿಲ್ಲವೆಂದು ಬೈದವನು ನಾನು.

ಆ ಹೊತ್ತೇ ಹಲಗೆಯನ್ನು ಇಳಿಸಿಕೊಂಡು, ಬೊಟ್ಟಿದ್ದಲ್ಲಿ ಉಳಿ ಇಟ್ಟು ಮೆಲ್ಲಗೆ ಬಡಿದೆ. ಒಂದೇ ಪೆಟ್ಟಿಗೆ ಉಳಿ ಹಿಂಬದಿಗೆ ಹೊರಬಂತು. ಬೆಳಕಿಗೆ ಹಿಡಿದು ನೋಡಿದರೆ ಸುತ್ತಲಿನ ಮರ ಹಪ್ಪಳದಷ್ಟು ತೆಳ್ಳಗಾಗಿತ್ತು. ಶುಕ್ರವಾರಕ್ಕೊಮ್ಮೆ ಕೆರೆದು ಕೆರೆದು, ಒಂದು ಕಿಟಕಿ ಕೆತ್ತುವಷ್ಟು ಮರವನ್ನೂ ನಾನು ಅಲ್ಲಿ ಉಳಿಸಿರಲಿಲ್ಲ.