ದಾಖಲೆಗೆ ಸೇರದ ಕರೆ

ನಾಗಮ್ಮನವರನ್ನು ಆ ಮಧ್ಯಾಹ್ನ ಹೊಲಕ್ಕೆ ಕಳಿಸಿದವನು ನಾನು. ಅವರ ಗಂಡ ಸಂಗಯ್ಯನವರಲ್ಲ — ನಾನು. ಆರು ವರ್ಷ ಈ ಮಾತನ್ನು ಬಾಯೊಳಗೇ ಇಟ್ಟುಕೊಂಡು ತಿರುಗಿದೆ.

ಆಗ ನಮ್ಮ ರಡಾರ್ ಉಮರ್ಗಾದ ಹೊರವಲಯದಲ್ಲಿತ್ತು. ಆಲಿಕಲ್ಲು ಹೊತ್ತು ಬರುವ ಮೋಡಕ್ಕೆ ವಿಮಾನದಿಂದ ರಾಸಾಯನಿಕ ಬಿತ್ತಿದರೆ ಕಲ್ಲು ಸಣ್ಣದಾಗುತ್ತದೆಯೇ ಎಂದು ನೋಡುವುದು ನಮ್ಮ ಕೆಲಸ. ಯಾವ ದಿನ ಬಿತ್ತಬೇಕು, ಯಾವ ದಿನ ಬಿಡಬೇಕು ಎಂಬುದನ್ನು ಮುಚ್ಚಿದ ಲಕೋಟೆಯೊಂದು ಹೇಳುತ್ತಿತ್ತು. ಎರಡೂ ಬಗೆಯ ದಿನಗಳ ಕಲ್ಲನ್ನು ಹೋಲಿಸಲು ಸುತ್ತಲಿನ ಹೊಲಗಳಲ್ಲಿ ಕಂಬ ನೆಟ್ಟು, ಅಲ್ಯೂಮಿನಿಯಂ ಹಾಳೆ ಸುತ್ತಿದ ಥರ್ಮೋಕೋಲ್ ಹಲಗೆ ಕೂರಿಸಿದ್ದೆವು. ಕಲ್ಲು ಬಿದ್ದಲ್ಲಿ ಗುಳಿ ಬೀಳುತ್ತದೆ. ಗುಳಿ ಅಳೆದರೆ ಕಲ್ಲಿನ ಗಾತ್ರ ತಿಳಿಯುತ್ತದೆ. ಒಮ್ಮೆ ಗುಳಿ ಬಿದ್ದ ಹಲಗೆಯನ್ನು ಮುಂದಿನ ಮೋಡ ಬರುವ ಮೊದಲೇ ಬದಲಿಸಬೇಕು.

ಯೆಣೆಗೂರಿನ ಹಲಗೆ ಸಂಗಯ್ಯನವರ ಹೊಲದಲ್ಲಿತ್ತು. ಜಂಗಮರು, ಮನೆಮನೆಗೆ ಪೂಜೆಗೆ ಹೋಗುವವರು. ಅವರಿಲ್ಲದಾಗ ನಾಗಮ್ಮ ಬದಲಿಸುತ್ತಿದ್ದರು. ನಾನು ಹೋದಾಗಲೆಲ್ಲ ರೊಟ್ಟಿ ತಿನ್ನಿಸದೆ ಕಳಿಸುತ್ತಿರಲಿಲ್ಲ. ನಾನು ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆ.

ಅಂದು ಲಕೋಟೆಯಲ್ಲಿ ಬಂದದ್ದು — ಬಿತ್ತನೆ ಬೇಡ. ನಳದುರ್ಗದ ಕಡೆಯಿಂದ ಮೋಡ ಎದ್ದಿತ್ತು. ರಡಾರ್ ಪರದೆಯ ಮೇಲಿನ ಕೆಂಪು ನೋಡನೋಡುತ್ತಿದ್ದಂತೆ ನೇರಳೆಯಾಗುತ್ತಿತ್ತು. ಇಡೀ ಹಂಗಾಮಿನಲ್ಲಿ ಅಷ್ಟು ಬಲವಾದದ್ದು ಬಂದಿರಲಿಲ್ಲ. ಆಗ ನೆನಪಾಯಿತು, ಯೆಣೆಗೂರಿನ ಹಲಗೆ ಹಳೆಯದು, ಎರಡು ದಿನದ ಹಿಂದಿನ ಗುಳಿಗಳು ಅದರ ಮೇಲಿವೆ. ಸಂಗಯ್ಯನವರ ಫೋನು ಹತ್ತಲಿಲ್ಲ. ನಾಗಮ್ಮನವರಿಗೆ ಮಾಡಿದೆ.

“ಅವ್ರು ತುರೋರಿಗಿ ಪೂಜಾಕ್ಕ ಹೋಗ್ಯಾರ ತಮ್ಮಾ. ಹಲಗಿ ಬದ್ಲಿ ಮಾಡು ಅಂತ ಮುಂಜಾನಿ ನನಗ ಭೀ ಹೇಳ್ಯಾರ. ಖರೇ ಈಗ ಗುಡಗ್ಲಾಕತ್ತದ. ಇವತ್ತ ಬಿಡ್ತೀನಿ.”

ಬಿಡುತ್ತೇನೆ ಅಂದಿದ್ದರು. ಅವರೇ ಅಂದಿದ್ದರು.

“ಇನ್ನಾ ದೂರ ಅದ ಕಾಕು,” ಅಂದೆ. “ಅರ್ಧಾ ತಾಸು ಟೈಮ್ ಅದ. ಲಗೂನ ಹಾಕಿ ಬಂದುಬಿಡ್ರಿ.”

ಅರ್ಧ ಗಂಟೆ ಇರಲಿಲ್ಲ. ಪರದೆ ನನ್ನ ಎದುರಿಗೇ ಇತ್ತು. ಗುಡುಗು ಕೇಳಿದ ಮೇಲೆ ಯಾರೂ ಬಯಲಿಗೆ ಹೋಗಬಾರದು — ಊರೂರಿಗೆ ಹೋಗಿ ಈ ನಿಯಮ ಕಲಿಸಿದವನೂ ನಾನೇ. ಗೊತ್ತಿಲ್ಲದೆ ಹೇಳಿದ್ದಲ್ಲ. ಆ ಮೋಡದ ಗುಳಿಗಳು ನನಗೆ ಬೇಕಾಗಿದ್ದವು, ಅಷ್ಟೇ.

ಹೊಸ ಹಲಗೆ ಹಾಕಿ ತಿರುಗಿ ನಾಲ್ಕು ಹೆಜ್ಜೆ ಇಟ್ಟಿದ್ದರಂತೆ. ಸಿಡಿಲು ಬಡಿಯಿತು. ಸೊಂಟದ ಚೀಲದಲ್ಲಿದ್ದ ಫೋನೂ ಅವರೊಂದಿಗೇ ಸುಟ್ಟಿತು. ಆಮೇಲೆ ಕಲ್ಲು ಬಿತ್ತು, ಅವರ ಮೇಲೆ, ಹಲಗೆಯ ಮೇಲೆ.

ಮರುದಿನ ಅವರ ಮಣ್ಣಿಗೆ ಹೋಗುವ ಮೊದಲು ನಾನು ಹೊಲಕ್ಕೆ ಹೋಗಿ ಹಲಗೆ ಬಿಚ್ಚಿಕೊಂಡೆ. ಗುಳಿಗಳು ಸ್ಪಷ್ಟವಾಗಿದ್ದವು. ವರದಿಯಲ್ಲಿ ಅವು ಸೇರಿದವು. ಮಾಡಿದ ಪ್ರತಿ ಕರೆಯನ್ನೂ ದಾಖಲೆ ಪುಸ್ತಕದಲ್ಲಿ ಬರೆಯಬೇಕಿತ್ತು, ಅದೊಂದನ್ನು ಬರೆಯಲಿಲ್ಲ. ಇಲ್ಲಿಂದ ಯಾರಾದರೂ ಫೋನು ಮಾಡಿದ್ದಿರಾ ಎಂದು ಮೇಲಿನವರು ಕೇಳಿದಾಗ ಇಲ್ಲ ಅಂದೆ.

ಅಲ್ಲಿಂದ ದೋಷ ಸಂಗಯ್ಯನವರ ಮೇಲೆ ಹೋಯಿತು — ಮುಂಜಾನೆ ಹೇಳಿ ಹೋದವರು ಅವರು. ಉದಗೀರಕ್ಕೆ ಕೊಟ್ಟ ಒಬ್ಬಳೇ ಮಗಳು ಗಂಗಾ, “ನಿನ್ನ ಮಾತಿಗೇ ಅವ್ವ ಹೋದ್ಳು,” ಎಂದು ತಂದೆಯ ಮುಖಕ್ಕೆ ಹೇಳಿ ಹೋದವಳು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ನಾನು ತುಳಿದೆ. ವರ್ಷ ವರ್ಷ ಹೋಗಿ, ಅವರು ಮಾಡಿಕೊಟ್ಟ ಚಹಾ ಕುಡಿದು ಬಂದೆ.

ಕಳೆದ ತಿಂಗಳು ಹೊಸ ಯೋಜನೆಗೆ ಹಲಗೆ ನೋಡಿಕೊಳ್ಳುವವರನ್ನು ಸೇರಿಸಿ ಯೆಣೆಗೂರಿನಲ್ಲಿ ತರಬೇತಿ ಕೊಟ್ಟೆವು. ಗುಡುಗಿನ ಅದೇ ನಿಯಮ ಹೇಳುತ್ತಿದ್ದೆ. ಹಿಂದೆ ಕುಳಿತಿದ್ದ ಸಂಗಯ್ಯನವರು ಎದ್ದು ನಿಂತರು.

“ಇಂವಾ ಹೇಳೂದು ಕೇಳ್ರಿ. ನಾ ಕೇಳ್ಲಿಲ್ಲ. ನನ್ನ ಹೆಣ್ತಿಗಿ ನಾನೇ ಕೊಂದೀನಿ.”

ತರಬೇತಿಯನ್ನು ಅಲ್ಲಿಗೇ ಮುಗಿಸಿದೆ.

ಅವರೊಂದಿಗೆ ಮನೆಯವರೆಗೆ ನಡೆದೆ. ಪಡಸಾಲೆಯಲ್ಲಿ ನಿಂತೇ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಗೋಡೆ ಹಿಡಿದು ಕುಳಿತರು. ಅಲ್ಲಿಂದಲೇ ಕೇಳಿದರು:

“ಬಿಡ್ತೀನಿ ಅಂದಿದ್ಳೇನು?”

“ಹೌದ್ರಿ.”

“ನನ್ನ ಮಾತಿಗಿ ಹೋಗಿಲ್ಲ ಆಕಿ.” ತಮಗೆ ತಾವೇ ಹೇಳಿಕೊಂಡ ಹಾಗಿತ್ತು. ಆಮೇಲೆ ನನ್ನ ಕಡೆ ನೋಡದೆ ಅಂದರು: “ಗಂಗಾಗ ಹೇಳು. ನಾ ಹೇಳಿದ್ರ ನಂಬಲ್ಲ ಆಕಿ.”

ಉದಗೀರಕ್ಕೆ ಹೋದೆ. ಗಂಗಾ ಬಾಗಿಲಲ್ಲೇ ನಿಂತು ಕೇಳಿದಳು, ಕೊನೆಯವರೆಗೂ ಕೇಳಿದಳು, ಬಾಗಿಲು ಮುಚ್ಚಿದಳು. ಮರಳಿ ಬಂದು ಕಚೇರಿಗೆ ಬರೆದುಕೊಟ್ಟೆ — ಕರೆ ಮಾಡಿದ್ದು ನಾನು, ಸುಳ್ಳು ಹೇಳಿದ್ದು ನಾನು, ಆ ಹಲಗೆಯ ಅಳತೆಗಳನ್ನು ಏನು ಮಾಡಬೇಕೋ ನೀವೇ ನೋಡಿ. ಉತ್ತರ ಇನ್ನೂ ಬಂದಿಲ್ಲ.

ನಿನ್ನೆ ಸಂಗಯ್ಯನವರ ಫೋನು ಬಂತು.

“ಮಗಳು ಬಂದಾಳ,” ಅಂದರು. ಆಮೇಲೆ, “ನೀ ಇನ್ನ ನಮ್ಮ ಮನಿಗಿ ಬರಬ್ಯಾಡ.”

ಹೂಂ ಅಂದೆ. ಹೋಗುವುದಿಲ್ಲ.